ಸೈಕಲ್ ತಳ್ಳುವವನು ಯಾವ ಕಾಲಮ್ಮಿಗೆ?

ಫಳ್ನೀರಿನ ಕಡೆಗೆ ಏರುವ ಆ ರಸ್ತೆಯನ್ನು ಮಾಡಿದವರು ಯಾರೋ ನನಗೆ ಗೊತ್ತಿಲ್ಲ. ಅವರು ಜನ್ಮದಲ್ಲಿ ಸೈಕಲ್ ಹತ್ತಿರಲಿಲ್ಲ ಎಂಬುದು ಮಾತ್ರ ಗೊತ್ತು. ಮಟ್ಟ ನೋಡುವ ದುರ್ಬೀನು, ಡಂಪಿ ಲೆವೆಲ್ ಇಟ್ಟು ಅದರ ಏರನ್ನು ಅಳೆದವನು ನಾನೇ. ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ ಹೋಗಿರುತ್ತೇವೆ. ಕಾಗದದಲ್ಲಿ ಇದು ಸಣ್ಣ ಸಂಖ್ಯೆ. ಅಳತೆಕೋಲು ಹೊತ್ತುಕೊಂಡು ಮಾರ್ಚ್ ತಿಂಗಳ ಬಿಸಿಲಲ್ಲಿ ಮೂರು ಸಲ ಹತ್ತಿ ಇಳಿದ ಮೇಲೆ ನನ್ನ ಶರ್ಟನ್ನು ಹಿಂಡಿದ್ದರೆ ಒಂದು ಹೊತ್ತಿನ ಗಂಜಿಗೆ ಬೇಕಾದ ಉಪ್ಪು ಅದರಲ್ಲೇ ಸಿಗುತ್ತಿತ್ತು.

ಆಗ ನನಗೆ ಹತ್ತೊಂಬತ್ತು ತುಂಬಿರಲಿಲ್ಲ. ಡಿಪ್ಲೊಮಾ ಮುಗಿಸಿ ರಸ್ತೆ ವಿಭಾಗದಲ್ಲಿ ತಾತ್ಕಾಲಿಕವಾಗಿ ಸೇರಿದ್ದೆ. ಮಂಗಳೂರಿನ ರಸ್ತೆಗಳೆಲ್ಲ ಇಷ್ಟು ದಿನ ನನ್ನನ್ನೇ ಕಾಯುತ್ತಿದ್ದವು ಎಂದು ಪ್ರಾಮಾಣಿಕವಾಗಿ ನಂಬಿದ್ದೆ.

ರಸ್ತೆ ಹತ್ತುವಾಗ ಎಡಬದಿಯಲ್ಲಿ ಎಂಟು ಅಡಿ ಅಗಲದ ಮಣ್ಣಿನ ಅಂಚು ಇತ್ತು. ಬಲಬದಿಯಲ್ಲಿ ಚರಂಡಿ, ಚರಂಡಿಗೆ ತಾಗಿ ಮುರಕಲ್ಲಿನ ಕಂಪೌಂಡ್. ಹಾಗಾಗಿ ಇಡೀ ರಸ್ತೆಯಲ್ಲಿ ಏನಾದರೂ ಮಾಡುವಂಥ ಜಾಗ ಎಂದರೆ ಆ ಎಂಟು ಅಡಿ ಮಾತ್ರ. ಅದರ ಮೇಲೆ ನಮ್ಮ ಆಫೀಸಿನಲ್ಲಿ ಇಬ್ಬರ ಕಣ್ಣು ಬಿದ್ದಿತ್ತು.

ಒಬ್ಬರು ನಮ್ಮ ಎಂಜಿನಿಯರ್. ಗುತ್ತಿನ ಮನೆಯವರು, ಅಂದರೆ ಹಳೆಯ ಜಮೀನ್ದಾರರು. ಗೇಣಿಗೆ ಕೊಟ್ಟ ಗದ್ದೆಗಳೆಲ್ಲ ಕೈಬಿಟ್ಟ ಮೇಲೆ ಅಳೆಯುವ ಚಟವನ್ನು ಸರಕಾರಿ ರಸ್ತೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ ಎಂದು ಆಫೀಸಿನಲ್ಲಿ ನಕ್ಷೆ ಎಳೆಯುವ ಡ್ರಾಫ್ಟ್ಸ್‌ಮನ್ ಹಿಂದಿನಿಂದ ಹೇಳುತ್ತಿದ್ದರು. ಎಂಜಿನಿಯರಿಗೆ ಎಲ್ಲಿಂದಲೋ ಸೈಕಲ್ ದಾರಿಗಳ ಬಗ್ಗೆ ಒಂದು ವಿದೇಶೀ ಪುಸ್ತಕ ಸಿಕ್ಕಿತ್ತು. ಅದರ ಚಿತ್ರಗಳಲ್ಲಿ ಬಿಳಿ ಹೆಂಗಸರು ಹೂವಿನ ಬುಟ್ಟಿ ಕಟ್ಟಿಕೊಂಡು ನಗುತ್ತಾ ಸೈಕಲ್ ಬಿಡುತ್ತಿದ್ದರು. ಆ ದೇಶದಲ್ಲಿ ಗುಡ್ಡ ಎಂದು ತೋರಿಸಿದ್ದು ನಮ್ಮ ಗದ್ದೆಯ ಬದುವಿಗಿಂತ ಎತ್ತರ ಇರಲಿಲ್ಲ. ಆದರೂ ಎಂಜಿನಿಯರ್ ಆ ಎಂಟು ಅಡಿಯಲ್ಲಿ ಸೈಕಲ್ ದಾರಿ ಆಗಲೇಬೇಕು ಎಂದು ಹಟ ಹಿಡಿದಿದ್ದರು.

ಇನ್ನೊಬ್ಬರು ಅವರ ಮೇಲಿನ ದೊಡ್ಡ ಸಾಹೇಬರು. ಮೇಲೆ ಆಸ್ಪತ್ರೆ, ಕ್ಲಿನಿಕ್ಕು ಹೆಚ್ಚಾಗುತ್ತಿವೆ, ಕಾರುಗಳು ನಿಲ್ಲಲು ಜಾಗ ಬೇಕು ಎಂಬುದು ಅವರ ವಾದ. ದೊಡ್ಡ ಸಾಹೇಬರಿಗೂ ಒಂದು ಕಾರಿತ್ತು. ಅವರ ವಾದಕ್ಕೂ ಅವರ ಕಾರಿಗೂ ಸಂಬಂಧ ಉಂಟೆಂದು ನಾನು ಹೇಳುವುದಿಲ್ಲ, ನನ್ನ ಕೆಲಸ ತಾತ್ಕಾಲಿಕವಾಗಿತ್ತು.

ಕೊನೆಗೆ ಒಂದು ಒಪ್ಪಂದವಾಯಿತು. ಏಳು ದಿನ ವಾಹನ ಎಣಿಕೆ. ಸೈಕಲ್ಲುಗಳು ಸಾಕಷ್ಟು ಹತ್ತಿದರೆ ಸೈಕಲ್ ದಾರಿ. ಇಲ್ಲದಿದ್ದರೆ ಮಣ್ಣು ಅಗೆದು ಟಾರು ಹಾಕಿ ಕಾರು ನಿಲ್ಲಿಸುವ ಜಾಗ. ಎಣಿಕೆಯ ಉಸ್ತುವಾರಿ ನನ್ನ ಕೈಗೆ ಬಂತು, ಯಾಕೆಂದರೆ ಅದೇ ವಾರ ಎಂಜಿನಿಯರಿಗೆ ಬೆಂಗಳೂರಿನಲ್ಲಿ ಸಭೆ ಇತ್ತು. ಹೊರಡುವ ಮೊದಲು ಅವರು ನನಗೆ ಒಂದೇ ಮಾತು ಹೇಳಿದರು.

"ಡೌಟ್ ಬಂದ್ರೆ ಹಾಳೆಯ ಹಿಂದೆ ಬರ್ದಿಡು, ನಾನು ಬಂದು ನೋಡ್ತೇನೆ. ನೀನಾಗಿ ಎಂತದ್ದೂ ತೀರ್ಮಾನ ಮಾಡ್ಲಿಕ್ಕೆ ಹೋಗ್ಬೇಡ ಮಾರಾಯ."

ನಾನು ತಲೆ ಆಡಿಸಿದೆ. ತಲೆ ಆಡಿಸುವುದರಲ್ಲಿ ನನಗೆ ಡಿಸ್ಟಿಂಕ್ಷನ್ ಕೊಡಬೇಕು.

ಎಣಿಕೆ ಎಂದರೆ ಏನೆಂದು ತಿಳಿಯದವರಿಗೆ ಹೇಳುತ್ತೇನೆ. ಏರಿನ ಬುಡದಲ್ಲಿ, ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ ಕೂರುವುದು. ಹಾಳೆಯಲ್ಲಿ ಕಾರು, ಲಾರಿ, ಬಸ್ಸು, ಸ್ಕೂಟರು, ಎತ್ತಿನ ಗಾಡಿ, ಸೈಕಲ್, ಪಾದಚಾರಿ ಎಂದು ಕಾಲಮ್ಮುಗಳು. ಹತ್ತುವವರಿಗೆ ಒಂದು ಹಾಳೆ, ಇಳಿಯುವವರಿಗೆ ಇನ್ನೊಂದು. ಒಂದೊಂದಕ್ಕೆ ಒಂದು ಗೀಟು, ಐದನೆಯದಕ್ಕೆ ನಾಲ್ಕರ ಮೇಲೆ ಅಡ್ಡಗೀಟು, ಕಾಲು ಗಂಟೆಗೊಮ್ಮೆ ಹೊಸ ಸಾಲು. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ. ಮೂರನೇ ದಿನಕ್ಕೆ ನಾನು ಊಟದ ಎಲೆಯಲ್ಲೂ ಉಪ್ಪಿನಕಾಯಿಯಿಂದ ನಾಲ್ಕು ಗೀಟು ಎಳೆದು ಅಡ್ಡ ಹೊಡೆಯುತ್ತಿದ್ದೆ. ಕಾವೂರಿನ ಅತ್ತೆ, ಅವರ ಮನೆಯಲ್ಲೇ ನಾನಿದ್ದದ್ದು, ಇವನಿಗೆ ಯಾರೋ ಮಾಟ ಮಾಡಿದ್ದಾರೆ ಎಂದು ಪಕ್ಕದ ಮನೆಯವರಿಗೆ ಹೇಳಿ ಬಂದರು.

ಆಮೇಲೆ ಈ ಗೀಟುಗಳನ್ನೆಲ್ಲ ಕಾರಿಗೆ ಪರಿವರ್ತಿಸಬೇಕು. ನಮ್ಮ ಶಾಸ್ತ್ರದಲ್ಲಿ ಪ್ರಪಂಚದ ಎಲ್ಲ ವಾಹನಕ್ಕೂ ಅಳತೆ ಕಾರೇ. ಸೈಕಲ್ ಎಂದರೆ ಅರ್ಧ ಕಾರು. ಎತ್ತಿನ ಗಾಡಿ ಎಂದರೆ ಹಲವಾರು ಕಾರು. ಎತ್ತುಗಳಿಗೆ ಈ ಗೌರವ ಗೊತ್ತಿಲ್ಲ. ಪಾದಚಾರಿ ಎಂದರೆ ಸೊನ್ನೆ. ಎಷ್ಟು ದಪ್ಪ ಇದ್ದರೂ ಸೊನ್ನೆ.

ನನ್ನ ಜೊತೆ ಎಣಿಸಲು ಇಬ್ಬರಿದ್ದರು. ಮೊದಲ ದಿನ ಬೆಳಿಗ್ಗೆ ಎಂಟು ಗಂಟೆಗೇ ಅವರಲ್ಲೊಬ್ಬ ಪೆನ್ನು ಎತ್ತಿ ಹಿಡಿದು, ಆ ಬರುವವನು ಯಾವ ಕಾಲಮ್ಮಿಗೆ ಎಂದು ಕೇಳಿದ. ನೋಡಿದರೆ ಒಬ್ಬ ಮನುಷ್ಯ ಸೈಕಲ್ಲಿನಿಂದ ಇಳಿದು, ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಏರು ಹತ್ತುತ್ತಿದ್ದ. ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಮತ್ತೂ ಮೂವರು.

ಹಾಳೆಯ ಹಿಂದೆ ಬರೆದಿಡಬೇಕಿತ್ತು. ಆದರೆ ಇಬ್ಬರು ನನ್ನ ಮುಖವನ್ನೇ ನೋಡುತ್ತಿದ್ದರು. ಮನುಷ್ಯನ ಜೀವನದಲ್ಲಿ ಇಂಥ ಗಳಿಗೆ ಎಷ್ಟು ಸಲ ಬರುತ್ತದೆ? ನಾನು ಗಂಟಲು ಸರಿಮಾಡಿಕೊಂಡೆ.

"ಕಾಲು ಪೆಡಲಿನ ಮೇಲೆ ಉಂಟಾ, ಅದು ಸೈಕಲ್. ಕಾಲು ನೆಲದ ಮೇಲೆ ಉಂಟಾ, ಅದು ಪಾದಚಾರಿ. ಕೈಯಲ್ಲಿ ಸೈಕಲ್ ಇರ್ಲಿ, ಕೊಡೆ ಇರ್ಲಿ, ನಮಗೆ ಎಂತ?"

ಇಬ್ಬರೂ ಬೆರಗಾದರು. ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಈ ನಿಯಮವನ್ನು ಒಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಹಾಳೆಯ ಹಲಗೆಗೆ ಅಂಟಿಸಿ, ಕೆಳಗೆ ಸಹಿ ಹಾಕಿದೆ. ಸಹಿ ನಿಯಮಕ್ಕಿಂತ ದೊಡ್ಡದಾಗಿತ್ತು.

ಎರಡನೇ ದಿನ ಮೀನಿನ ಕಾಕ ನಮ್ಮ ಜಗಲಿಯ ಮುಂದೆ ನಿಂತರು. ಬಂದರಿನ ದಕ್ಕೆಯಿಂದ ಮೀನು ತುಂಬಿಸಿಕೊಂಡು ಈ ರಸ್ತೆಯಾಗಿ ಮೇಲಿನ ಮನೆಗಳಿಗೆ ಮಾರಲು ಹೋಗುವ ಬ್ಯಾರಿ ಮುಸ್ಲಿಮರು ಅವರು. ಸೈಕಲ್ಲಿನ ಕ್ಯಾರಿಯರಿನ ಮೇಲೆ ಅಡ್ಡಕ್ಕೆ ಕಟ್ಟಿದ ಬುಟ್ಟಿ ಒಂದು ಸಣ್ಣ ಕುಟುಂಬ ವಾಸ ಮಾಡುವಷ್ಟು ದೊಡ್ಡದಿತ್ತು. ಏರು ಶುರುವಾಗುವ ಮೊದಲು ತಲೆಯ ಮುಂಡಾಸು ಬಿಚ್ಚಿ ಕಟ್ಟಿಕೊಂಡು ಉಸಿರು ತೆಗೆದುಕೊಳ್ಳುವುದು ಅವರ ಕ್ರಮ. ನಾವು ಓಟಿನ ಲೆಕ್ಕ ಬರೆಯುತ್ತಿದ್ದೇವೆ ಎಂದು ಅವರು ತಿಳಿದಿದ್ದರು. ಸೈಕಲ್ ಲೆಕ್ಕ, ಆ ಮಣ್ಣಿನಲ್ಲಿ ಸೈಕಲ್ಲಿಗೆ ದಾರಿ ಆಗುವ ಅಂದಾಜು ಉಂಟು ಎಂದು ನಾನು ದೊಡ್ಡ ಮನುಷ್ಯನ ಹಾಗೆ ಹೇಳಿದೆ. ಕಾಕನ ಮುಖ ಅರಳಿತು. ಹಿಂದಿನ ಮಳೆಗಾಲದಲ್ಲಿ ಹಂಚು ತುಂಬಿದ ಲಾರಿಯೊಂದು ಹಿಂದಿನಿಂದ ಬಂದು ಬುಟ್ಟಿಗೆ ತಾಗಿ, ಬುಟ್ಟಿಯ ಜೊತೆ ಅವರನ್ನೂ ಎಡಕ್ಕೆ ಎಸೆದಿತ್ತಂತೆ. ಬಿದ್ದದ್ದು ಮಣ್ಣಿಗೆ. ಎಡಗೈಯ ಮಣಿಕಟ್ಟು ಸೊಟ್ಟಗೆ ಕೂಡಿದ್ದನ್ನು ತೋರಿಸಿದರು. ನನ್ನನ್ನು ಅವರು ಕರೆದದ್ದು ಮೋನೆ, ಮಗನೇ, ಎಂದು.

"ಆ ಮಣ್ಣು ಉಂಟಲ್ಲ, ಅದ್ರಿಂದ ನಾನು ಇದ್ದೇನೆ ಮೋನೆ. ನನ್ನ ಸೈಕಲ್ ಸರಿ ಬರ್ಕೊ, ಬಿಟ್ಟು ಹೋಗ್ಬಾರ್ದು."

"ಬರ್ದೆ ಕಾಕಾ," ಎಂದೆ. ಬರೆದೆ ಕೂಡ. ಪಾದಚಾರಿ ಕಾಲಮ್ಮಿನಲ್ಲಿ, ಒಂದು ಗೀಟು.

ಉಳಿದ ಐದು ದಿನವೂ ಹಾಗೆಯೇ ಬರೆದೆ. ಕಾಕ ಐದು ದಿನವೂ ನನಗೆ ನಕ್ಕು, ಕೈ ಎತ್ತಿ, ಹತ್ತಿ ಹೋದರು.

ಹಾಳೆಗಳನ್ನು ಕೂಡಿಸಿ ಡ್ರಾಫ್ಟ್ಸ್‌ಮನ್ನಿಗೆ ಕೊಟ್ಟೆ. ಅವರು ಎಣಿಕೆಯ ಕಂಬನಕ್ಷೆ ಎಳೆದರು. ಇಳಿಯುವ ಸೈಕಲ್ಲುಗಳ ಕಂಬ ತೆಂಗಿನ ಮರದ ಹಾಗೆ ಎದ್ದಿತು, ಹತ್ತುವ ಸೈಕಲ್ಲುಗಳದ್ದು ನಾಚಿಕೆಮುಳ್ಳಿನ ಗಿಡ. ಡ್ರಾಫ್ಟ್ಸ್‌ಮನ್ ಕನ್ನಡಕ ಮೇಲೆ ಮಾಡಿ, ದಿನಾ ಇಷ್ಟು ಸೈಕಲ್ ಬಂದರಿಗೆ ಇಳಿದು ಒಂದೂ ವಾಪಸು ಬಾರದಿದ್ದರೆ ಈಗ ಅಲ್ಲಿ ಕಾಲಿಡಲು ಜಾಗ ಇರಲಿಕ್ಕಿಲ್ಲ ಎಂದರು. ಅವರು ಅದನ್ನು ತಮಾಷೆಗೆ ಹೇಳಿದ್ದು. ನಾನೂ ನಕ್ಕೆ. ಆ ನಗುವಿನ ಮಧ್ಯದಲ್ಲಿ ನನ್ನ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬುದ್ಧಿವಂತರ ಕಷ್ಟ ಇದು: ಒಳಗೆ ಬೆಳಕು ಜಾಸ್ತಿ ಇದ್ದರೆ ಹೊರಗಿನದ್ದು ಕಾಣುವುದಿಲ್ಲ.

ದೊಡ್ಡ ಸಾಹೇಬರು ನಕ್ಷೆ ನೋಡಿ, ವಾಪಸು ಹೋಗುವವರು ಬೇರೆ ರಸ್ತೆ ಹಿಡಿಯುತ್ತಾರೆ ಎಂದು ತೀರ್ಮಾನಿಸಿದರು. ಇಳಿಯುವವರಿಗೆ ದಾರಿ ಬೇಕಾಗಿಲ್ಲ, ಲಾರಿಯಷ್ಟೇ ವೇಗದಲ್ಲಿ ಹೋಗುತ್ತಾರೆ. ಹತ್ತುವವರೇ ಇಲ್ಲ. ಎಂಟು ಅಡಿ ಕಾರಿಗೆ. ಎಂಜಿನಿಯರ್ ಬೆಂಗಳೂರಿನಿಂದ ಬರುವಷ್ಟರಲ್ಲಿ ಫೈಲಿನಲ್ಲಿ ಆದೇಶ ಕೂತಿತ್ತು. ಅವರು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದರು, ನನ್ನನ್ನು ಎರಡು ಸಲ ಕೇಳಿದರು, ಸರಿಯಾಗಿ ಎಣಿಸಿದ್ದೀಯಾ ಎಂದು. ಒಂದು ಗೀಟು ಕೂಡ ಬಿಟ್ಟಿಲ್ಲ ಎಂದೆ. ಅದು ನಿಜವೂ ಹೌದು. ಅವರು ಆ ವಿದೇಶೀ ಪುಸ್ತಕವನ್ನು ಕಪಾಟಿನಲ್ಲಿ ಹಿಂದಿನ ಸಾಲಿಗೆ ಇಟ್ಟರು.

ಏಪ್ರಿಲ್ ಕೊನೆಯಲ್ಲಿ ಸುಣ್ಣದ ಗುರುತು ಹಾಕಲು ನನ್ನನ್ನೇ ಕಳಿಸಿದರು. ಹಗ್ಗ ಎಳೆದು, ಮಣ್ಣಿನ ಅಂಚಿನ ಮೇಲೆ ಒಂದೊಂದು ಕಾರಿಗೆ ಒಂದೊಂದು ಚೌಕ. ನಾಲ್ಕನೇ ಚೌಕ ಹಾಕುವಾಗ ಕಾಕ ತಳ್ಳಿಕೊಂಡು ಬಂದರು. ಅರ್ಧ ಏರಿನಲ್ಲಿ ಸೈಕಲ್ ನಿಲ್ಲಿಸುವುದು ಅವರಿಗೆ ಎಷ್ಟು ಕಷ್ಟ ಎಂದು ನನಗೆ ಆವತ್ತೇ ಗೊತ್ತಾದದ್ದು. ಹಿಂದಿನ ಚಕ್ರಕ್ಕೆ ಕಾಲು ಅಡ್ಡ ಕೊಟ್ಟು, ಬುಟ್ಟಿಯ ಭಾರವನ್ನೆಲ್ಲ ಸೊಂಟಕ್ಕೆ ತೆಗೆದುಕೊಂಡು ನಿಂತರು. ಸೈಕಲ್ಲಿನ ದಾರಿಗೆ ಚೌಕ ಯಾಕೆ ಎಂದು ಕೇಳಿದರು. ಇದು ಸೈಕಲ್ಲಿಗಲ್ಲ, ಕಾರಿಗೆ, ಎಣಿಕೆಯಲ್ಲಿ ಹತ್ತುವ ಸೈಕಲ್ ಸಿಗಲಿಲ್ಲ ಎಂದೆ.

ಕಾಕ ಸಿಟ್ಟು ಮಾಡಿದ್ದರೆ ನಾನು ಏನಾದರೂ ಉತ್ತರ ಕೊಡುತ್ತಿದ್ದೆ. ಅವರು ಸಿಟ್ಟು ಮಾಡಲಿಲ್ಲ.

"ನಾನು ದಿನಾ ನಿನ್ನೆದುರು ಹೋದದ್ದಲ್ವಾ ಮೋನೆ? ಈ ಚಡಾವಿನಲ್ಲಿ ಯಾರು ಮೇಲೆ ಕೂತು ಹೋಗ್ತಾರೆ? ನೀನು ಹೋಗ್ತೀಯಾ?"

ಅಷ್ಟು ಹೇಳಿ ಅವರು ನನ್ನ ಚೌಕಗಳನ್ನು ತುಳಿಯದೆ ಬದಿಗೆ ಬಿಟ್ಟು, ಟಾರಿನ ಮೇಲೆ, ಲಾರಿಗಳ ಮುಂದೆ ತಳ್ಳಿಕೊಂಡು ಹೋದರು. ಒಂದು ಲಾರಿ ಹಾರನ್ ಹೊಡೆಯುತ್ತಾ ಅವರ ಹಿಂದೆ ತೆವಳಿತು. ನಾನು ಸುಣ್ಣದ ಡಬ್ಬ ಹಿಡಿದು ನಿಂತಿದ್ದೆ. ಬಂದರಿನಲ್ಲಿ ಕಾಣೆಯಾದ ಸೈಕಲ್ಲುಗಳೆಲ್ಲ ಒಂದೊಂದಾಗಿ ನನ್ನ ಕಣ್ಣೆದುರು ಏರು ಹತ್ತಿ ಬಂದವು, ಪಾದಚಾರಿ ಕಾಲಮ್ಮಿನಲ್ಲಿ. ಸೀಟಿನಿಂದ ಇಳಿದ ಕೂಡಲೇ ಅರ್ಧ ಕಾರು ಸೊನ್ನೆಯಾಗಿತ್ತು. ಮಾಡಿದವನು ನಾನು, ಸಹಿ ಸಮೇತ.

ಆಫೀಸಿಗೆ ಹೋಗುವ ದಾರಿಯಲ್ಲಿ ನಾನು ಮೂರು ಸುಳ್ಳುಗಳನ್ನು ತಯಾರಿಸಿದೆ. ಮೂರೂ ಚೆನ್ನಾಗಿದ್ದವು. ಎಂಜಿನಿಯರ್ ಮೇಜಿನ ಮುಂದೆ ನಿಂತಾಗ ಮೂರೂ ಒಟ್ಟಿಗೆ ಬಾಯಿಗೆ ಬಂದು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವು. ಕೊನೆಗೆ ನಿಜವೇ ಹೊರಗೆ ಬಂತು. ಅವರು ಬೈಯುತ್ತಾರೆಂದು ಕಾದೆ. ಆ ನಿಯಮದ ಕಾಗದ ತೆಗೆದುಕೊಂಡು ಬಾ ಎಂದರು. ತಂದುಕೊಟ್ಟೆ. ಎರಡು ಸಲ ಓದಿದರು, ಸಹಿಯನ್ನು ಮೂರನೇ ಸಲ ಓದಿದರು.

"ಇಷ್ಟು ದೊಡ್ಡ ಸಹಿ ನಾನು ರಿಟೈರ್ ಆಗುವ ದಿನ ಹಾಕ್ಲಿಕ್ಕೆ ಇಟ್ಕೊಂಡಿದ್ದೆ ಮಾರಾಯ," ಎಂದರು.

ಇಬ್ಬರೂ ದೊಡ್ಡ ಸಾಹೇಬರ ಹತ್ತಿರ ಹೋದೆವು. ಮರು ಎಣಿಕೆ ಮಾಡುತ್ತೇವೆ ಎಂದು ಎಂಜಿನಿಯರ್ ಕೇಳಿಕೊಂಡರು. ಆಗುವುದಿಲ್ಲ ಎಂದರು ಸಾಹೇಬರು. ಎಣಿಕೆ ಒಂದು ಸಲ ಮಾಡುವುದು. ಬೇಕಾದ ಉತ್ತರ ಬರುವವರೆಗೆ ಎಣಿಸುವುದಾದರೆ ಅದು ಎಣಿಕೆಯಲ್ಲ. ಅಲ್ಲದೆ ಹುಡುಗ ಮಾಡಿದ್ದರಲ್ಲಿ ತಪ್ಪೇನು? ಸವಾರಿ ಮಾಡಿದರೆ ವಾಹನ, ನಡೆದರೆ ಪಾದಚಾರಿ. ನಿಯಮ ಸರಿಯಾಗಿಯೇ ಉಂಟು. ಹೀಗೆ ಹೇಳಿ ಅವರು ನನ್ನ ಕಡೆ ನೋಡಿ ಮೆಚ್ಚುಗೆಯಿಂದ ತಲೆ ಆಡಿಸಿದರು. ನನ್ನ ಜೀವನದಲ್ಲಿ ಸಿಕ್ಕಿದ ಮೊದಲ ಸರಕಾರಿ ಮೆಚ್ಚುಗೆ ಅದು. ನೆಲ ಬಿರಿದು ನನ್ನನ್ನು ನುಂಗಿದ್ದರೆ ಕಾರು ನಿಲ್ಲಿಸಲು ಇನ್ನೂ ಒಂದು ಜಾಗ ಆಗುತ್ತಿತ್ತು.

ಆಮೇಲಿನ ಹತ್ತು ದಿನ ನಾನು ಉಪಾಯ ಹೇಳುವುದರಲ್ಲೇ ಕಳೆದೆ. ಏರನ್ನೇ ಅಗೆದು ತಗ್ಗಿಸುವುದು ಎಂದೆ. ಪಕ್ಕದ ಮನೆಗಳು ಗಾಳಿಯಲ್ಲಿ ನಿಲ್ಲುತ್ತವಾ ಎಂದು ಡ್ರಾಫ್ಟ್ಸ್‌ಮನ್ ಕೇಳಿದರು. ಸೈಕಲಿನವರೆಲ್ಲರ ಸಹಿ ಸಂಗ್ರಹ ಎಂದೆ. ನಿನ್ನ ಸಹಿಯೊಂದೇ ಸಾಕಾಗಿದೆ ಎಂದರು. ಒಂದು ಬೆಳಿಗ್ಗೆಯಾದರೂ ಎಲ್ಲರೂ ಸೈಕಲ್ ಮೇಲೆ ಕೂತೇ ಹತ್ತುವಂತೆ ಮಾಡಿ ಸಾಹೇಬರಿಗೆ ತೋರಿಸಿದರೆ ಎಂದು ಯೋಚಿಸಿ, ಮೊದಲು ನಾನೇ ಪ್ರಯತ್ನಿಸಿದೆ. ಎರಡನೇ ಲೈಟುಕಂಬದವರೆಗೆ ಹೋದೆ. ಅಲ್ಲಿಂದ ಸೈಕಲ್ ನನ್ನನ್ನು ಕರೆದುಕೊಂಡು ಹಿಂದಕ್ಕೆ ಬಂತು. ಕಾಕ ಕೇಳಿದ ಪ್ರಶ್ನೆಗೆ ಉತ್ತರ ನನ್ನ ತರಚಿದ ಮೊಣಕಾಲಿನ ಮೇಲೆ ಬರೆದಿತ್ತು.

ಎಂಜಿನಿಯರ್ ನನ್ನ ಯಾವ ಉಪಾಯವನ್ನೂ ತೆಗೆದುಕೊಳ್ಳಲಿಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ಟೇಪು, ತೂಕದ ಗುಂಡು ಕಟ್ಟಿದ ದಾರ ಮತ್ತು ಒಂದು ಚೀಲ ಸುಣ್ಣದ ಹುಡಿ ತೆಗೆದುಕೊಂಡು ನನ್ನನ್ನು ಏರಿಗೆ ಕರೆದುಕೊಂಡು ಹೋದರು. ನನ್ನ ಚೌಕಗಳನ್ನು ಪೊರಕೆಯಿಂದ ಗುಡಿಸಿ ತೆಗೆಸಿದರು. ಗುಡಿಸಿದವನು ಯಾರೆಂದು ಹೇಳಬೇಕಾಗಿಲ್ಲ. ಆಮೇಲೆ ಮಣ್ಣಿನ ಅಂಚಿನಲ್ಲಿ ಬುಡದಲ್ಲಿ ಒಂದು ಕಡೆ, ನಡುವೆ ಒಂದು ಕಡೆ, ತುದಿಯಲ್ಲಿ ಒಂದು ಕಡೆ ಸುಣ್ಣದ ಹುಡಿ ತೆಳ್ಳಗೆ ಉದುರಿಸಲು ಹೇಳಿದರು. ನಾವು ಮರದ ನೆರಳಿನಲ್ಲಿ ಕಾದೆವು.

ಸೈಕಲ್ ತಳ್ಳಿಕೊಂಡು ಒಬ್ಬ ದಾಟಿದ ಕೂಡಲೇ ನಾನು ಓಡಿ ಹೋಗಿ ಹುಡಿಯ ಮೇಲೆ ಮೂಡಿದ ಹೆಜ್ಜೆಗೂ ಚಕ್ರದ ಗೆರೆಗೂ ನಡುವಿನ ದೂರ ಅಳೆಯಬೇಕು. ಬುಟ್ಟಿ ಇದ್ದರೆ ಅದರ ಅಂಚಿನಿಂದ ದಾರ ಇಳಿಬಿಟ್ಟು ಅದನ್ನೂ ಸೇರಿಸಬೇಕು. ನಂತರ ಹುಡಿ ಸರಿಮಾಡಿ ಮುಂದಿನವನಿಗೆ ಕಾಯಬೇಕು. ಮೂರು ಬೆಳಿಗ್ಗೆ ಇದೇ ಕೆಲಸ. ನಾನು ಅಷ್ಟು ಸಲ ಬಗ್ಗಿ ಎದ್ದೆನೆಂದರೆ, ಮೇಲಿನ ಮನೆಯ ಅಜ್ಜಿಯೊಬ್ಬರು ನಾನು ಯಾವುದೋ ಹರಕೆ ತೀರಿಸುತ್ತಿದ್ದೇನೆ ಎಂದು ತಿಳಿದು ಕುಡಿಯಲು ಬೆಲ್ಲ, ನೀರು ಕೊಟ್ಟರು.

ಸುಮ್ಮನೆ ನಡೆಯುವವನಿಗೆ ಎರಡು ಅಡಿ ಸಾಕು. ಸೈಕಲ್ ತಳ್ಳುವವನಿಗೆ ಬುಡದಲ್ಲಿ ನಾಲ್ಕು ಅಡಿ ಬೇಕು. ಎಂಜಿನಿಯರಿಗೂ ಗೊತ್ತಿಲ್ಲದ ಸಂಗತಿ ಮೇಲೆ ಹೋದ ಹಾಗೆ ಸಿಕ್ಕಿತು. ದಣಿದ ಹಾಗೆ ಮನುಷ್ಯ ನೇರ ನಡೆಯುವುದಿಲ್ಲ, ಸೈಕಲ್ ಆಚೆ ಈಚೆ ವಾಲುತ್ತದೆ, ಅವನೂ ಅದರ ಜೊತೆ ವಾಲುತ್ತಾನೆ. ತುದಿಯಲ್ಲಿ ಕಾಕನಿಗೆ ಐದು ಅಡಿಯ ಮೇಲೂ ಎರಡು ಇಂಚು ಬೇಕಾಗಿತ್ತು. ಆ ಪುಸ್ತಕದಲ್ಲಿ ಸೈಕಲ್ ದಾರಿಯ ಅಗಲ ಮೂರೂವರೆ ಅಡಿ ಎಂದು ಬರೆದಿತ್ತು. ಸೈಕಲ್ ಬಿಡುವವರಿಗಿಂತ ತಳ್ಳುವವರಿಗೇ ಜಾಸ್ತಿ ಜಾಗ ಬೇಕು ಎಂದು ಯಾವ ಪುಟದಲ್ಲೂ ಇರಲಿಲ್ಲ. ಹೂವಿನ ಬುಟ್ಟಿಯವರು ಯಾವತ್ತೂ ಇಳಿದಿರಲಿಕ್ಕಿಲ್ಲ.

ಇನ್ನು ಇವನ್ನೆಲ್ಲ ಹೇಳಿ ಸೈಕಲ್ ದಾರಿಯನ್ನು ಮತ್ತೆ ಕೇಳುತ್ತಾರೆ ಎಂದು ನಾನು ಕಾದರೆ, ಎಂಜಿನಿಯರ್ ರಸ್ತೆಯ ನಕ್ಷೆಯಲ್ಲಿ ಆ ಎಂಟು ಅಡಿಯ ಮೇಲಿದ್ದ 'ಸೈಕಲ್' ಎಂಬ ಶಬ್ದವನ್ನೇ ಬ್ಲೇಡಿನಿಂದ ಕೆರೆಯಲು ಡ್ರಾಫ್ಟ್ಸ್‌ಮನ್ನಿಗೆ ಹೇಳಿದರು. ವರ್ಷಗಟ್ಟಲೆ ಕನಸು ಕಂಡ ಶಬ್ದ ಅದು. ಡ್ರಾಫ್ಟ್ಸ್‌ಮನ್ ಬ್ಲೇಡು ಹಿಡಿದು ಒಮ್ಮೆ ಅವರ ಮುಖ ನೋಡಿದರು. ಕೆರೆಯಿರಿ ಎಂದರು ಎಂಜಿನಿಯರ್. ಆ ಜಾಗದಲ್ಲಿ 'ಫುಟ್‌ಪಾತ್' ಎಂದು ಬರೆಸಿದರು.

ದೊಡ್ಡ ಸಾಹೇಬರ ಎದುರು ಅವರು ನನ್ನ ಎಣಿಕೆಯ ಹಾಳೆಗಳನ್ನೇ ಇಟ್ಟರು, ಒಂದು ಗೀಟೂ ಬದಲಿಸದೆ.

"ಸರ್, ನೀವು ಹೇಳಿದ್ದು ಸರಿ. ಇವ್ರೆಲ್ಲ ಪಾದಚಾರಿಗಳೇ. ಆದ್ರೆ ಎಷ್ಟು ಜನ ಉಂಟು ನೋಡಿ. ಮತ್ತೆ ಇವ್ರಲ್ಲಿ ತುಂಬ ಜನ ಐದು ಅಡಿ ಅಗಲ ಇದ್ದಾರೆ."

ಸಾಹೇಬರು ಹಾಳೆ ನೋಡಿದರು. ಹತ್ತುವ ಪಾದಚಾರಿಗಳ ಕಾಲಮ್ ಗೀಟುಗಳಿಂದ ಕಪ್ಪಾಗಿತ್ತು. ಇಷ್ಟು ಜನ ನಡೆಯುವ ರಸ್ತೆಗೆ ಮೊದಲು ಫುಟ್‌ಪಾತ್, ಜಾಗ ಉಳಿದರೆ ಆಮೇಲೆ ಕಾರು. ಇದು ಅವರದ್ದೇ ಆಫೀಸಿನ ಪದ್ಧತಿ. ಐದು ಅಡಿಯವನು ಹತ್ತುವಾಗ ಎದುರಿನಿಂದ ಒಬ್ಬ ನಡೆದು ಬಂದರೆ ಏಳು, ಒಬ್ಬರಿಗೊಬ್ಬರು ತಾಗದಿರಲು ಒಂದು, ಒಟ್ಟು ಎಂಟು. ಉಳಿದದ್ದು ಏನೂ ಇಲ್ಲ. ಅವರೆಲ್ಲ ವಾಹನ ಎನ್ನಬೇಕಾದರೆ ಮರು ಎಣಿಕೆ ಒಪ್ಪಬೇಕು. ಪಾದಚಾರಿ ಎನ್ನಬೇಕಾದರೆ ಜಾಗ ಬಿಡಬೇಕು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ನನ್ನನ್ನು ನೋಡಿದರು, ಈ ಸಲ ಮೆಚ್ಚುಗೆ ಇರಲಿಲ್ಲ. ಸಹಿ ಹಾಕಿದರು.

ಹೊರಗೆ ಬಂದ ಮೇಲೆ, ನಾನು ಅಂಥ ನಿಯಮ ಮಾಡದೆ ಇದ್ದಿದ್ದರೆ ಇದು ಸಾಧ್ಯವೇ ಆಗುತ್ತಿರಲಿಲ್ಲ ಎಂದು ಎಂಜಿನಿಯರಿಗೆ ನೆನಪಿಸಿದೆ. ನೀನು ಅಂಥ ನಿಯಮ ಮಾಡದೆ ಇದ್ದಿದ್ದರೆ ಮಾರ್ಚಿನಲ್ಲೇ ಮುಗಿಯುತ್ತಿತ್ತು ಎಂದರು. ಲೆಕ್ಕ ಅವರದ್ದೇ ಸರಿ ಇತ್ತು. ನಾನು ಅದನ್ನು ಒಪ್ಪಿಕೊಂಡಿಲ್ಲ.

ಮಳೆ ಮುಗಿದ ಮೇಲೆ ಕೆಲಸ ಆಯಿತು. ಮುರಕಲ್ಲಿನ ಅಂಚು ಕಟ್ಟಿ, ಜಲ್ಲಿ ಹಾಕಿ ಗುದ್ದಿ, ಲಾರಿ ಹತ್ತದಷ್ಟು ಎತ್ತರ ಮಾಡಿದರು. ಫುಟ್‌ಪಾತ್ ಆದ ಕಾರಣ ಪದ್ಧತಿಯ ಪ್ರಕಾರ ಬುಡದಲ್ಲಿ ಒಂದು ಬೋರ್ಡು ಕೂಡ ಬಂತು: ಇಲ್ಲಿ ಸೈಕಲ್ ಸವಾರಿ ನಿಷೇಧಿಸಲಾಗಿದೆ. ಸೈಕಲಿನವರಿಗೋಸ್ಕರ ಇಷ್ಟೆಲ್ಲ ಒದ್ದಾಡಿ ಮಾಡಿದ ದಾರಿಗೆ ಸಿಕ್ಕಿದ ಬೋರ್ಡು ಇದು. ಎಂಜಿನಿಯರ್ ಟೇಪು ತೆಗೆದು ಬೋರ್ಡಿನ ಅಗಲ ಅಳೆದರು.

ಹೊಸ ಫುಟ್‌ಪಾತ್ ಬಳಕೆಯಾಗುತ್ತಿದೆಯೇ ಎಂದು ಒಂದು ದಿನದ ಎಣಿಕೆಗೆ ಆದೇಶ ಬಂತು. ಅದೇ ಜಗಲಿ, ಅದೇ ಹಾಳೆ. ಎಂಟು ಗಂಟೆಗೆ ಕಾಕ ಬಂದರು. ಹತ್ತಲು ಶುರು ಮಾಡಿದರು. ಒಂದು ಹಂಚಿನ ಲಾರಿ ಅವರ ಪಕ್ಕದಲ್ಲೇ ಗೊರಗೊರ ಎನ್ನುತ್ತಾ ಹತ್ತಿತು, ಕಾಕ ತಿರುಗಿಯೂ ನೋಡಲಿಲ್ಲ. ಅರ್ಧ ಏರಿನಲ್ಲಿ ಒಂದು ಗೇಟಿನಿಂದ ಹೆಂಗಸೊಬ್ಬರು ಪಾತ್ರೆ ಹಿಡಿದುಕೊಂಡು ಹೊರಗೆ ಬಂದರು. ಮೊದಲೆಲ್ಲ ಆ ಮನೆಯವರು ಮೀನು ಬೇಕಾದರೆ ತುದಿಯವರೆಗೆ ಹತ್ತಿ ಹೋಗಬೇಕಿತ್ತು, ಯಾಕೆಂದರೆ ನಡುವೆ ನಿಲ್ಲಿಸುವ ಧೈರ್ಯ ಕಾಕನಿಗಿರಲಿಲ್ಲ. ಈಗ ಅವರು ಸೈಕಲನ್ನು ಅಡ್ಡ ತಿರುಗಿಸಿ ಸ್ಟ್ಯಾಂಡ್ ಹಾಕಿದರು, ಬುಟ್ಟಿಯ ಎಲೆ ಸರಿಸಿದರು, ಬಂಗುಡೆಯೊಂದನ್ನು ಎತ್ತಿ ಕಿವಿರು ತೋರಿಸಿ ಏನೋ ಹೇಳಿದರು. ಆ ಹೆಂಗಸು ನಂಬಲಿಲ್ಲ. ಚರ್ಚೆ ಶುರುವಾಯಿತು. ಇನ್ನಿಬ್ಬರು ಹೆಂಗಸರು ಬಂದರು.

ನನ್ನ ಜೊತೆ ಎಣಿಸುತ್ತಿದ್ದವನು ಪೆನ್ನು ಎತ್ತಿ ಹಿಡಿದು, ಹತ್ತುವುದೂ ಇಲ್ಲ ಇಳಿಯುವುದೂ ಇಲ್ಲ, ಅಲ್ಲೇ ನಿಂತು ವ್ಯಾಪಾರ ಮಾಡುವವನು ಯಾವ ಕಾಲಮ್ಮಿಗೆ ಎಂದು ಕೇಳಿದ. ನನಗೆ ಕೂಡಲೇ ಒಂದು ಒಳ್ಳೆಯ ನಿಯಮ ಹೊಳೆಯಿತು. ಬಹಳ ಚೆನ್ನಾಗಿತ್ತು. ನಾನು ಹಾಳೆ ತಿರುಗಿಸಿ, ಹಿಂದಿನ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ, 'ಒಬ್ಬರು ನಿಂತಿದ್ದಾರೆ, ಎಂಜಿನಿಯರನ್ನು ಕೇಳಬೇಕು' ಎಂದು ಬರೆದಿಟ್ಟೆ.